ದಂಡೆಮ್ಮ ತಾಯಿಯವರು ಬಳೆಗಾರನಿಗೆ ಕೈ ಕೊಟ್ಟದ್ದು

ಬಳೆಗಳ ಮಲಾರ ಹೊತ್ತು ಊರೂರು ತಿರುಗುವುದು ನಿನ್ನ ಕೈಲಾಗದು ಎಂದು ಮೊದಲು ಅಂದವರು ನನ್ನ ಅತ್ತೆ ನೀಲವ್ವನವರು. ತಾಯಿಯವರ ವಿಷಯ ಬರೆಯುವುದು ನಿನ್ನ ಕೈಲಾಗದು ಎಂದು ಮೊನ್ನೆ ಅಂದವರು ಅವರ ಹೆಸರಲ್ಲಿ ಈಗ ಎದ್ದಿರುವ ದಂಡೆ ಮಠದ ಪುಸ್ತಕ ಸಮಿತಿಯ ಹಿರಿಯರೊಬ್ಬರು. ಅತ್ತೆಯವರು ಈಗಿಲ್ಲ. ಹಿರಿಯರು ಇದ್ದಾರೆ. ಅವರ ಹೆಸರು ಬೇಡ, ಮೊಮ್ಮಗಳ ಮದುವೆಗೆ ಬಳೆಯನ್ನು ನನ್ನ ಅಂಗಡಿಯಲ್ಲೇ ಕೊಂಡಿದ್ದಾರೆ.

ನಾನು ಶಾಲೆಯ ಕಟ್ಟೆ ಹತ್ತಿದವಳಲ್ಲ ಎಂಬುದು ನಿಜ. ಬಳೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಯ ತುಂಡುಗಳನ್ನು ಬಿಡಿಸಿಕೊಂಡು, ಬಂದವರನ್ನೆಲ್ಲ ಕೇಳಿ ಕೇಳಿ ಅಕ್ಷರ ಕಲಿತೆ. ಸುದ್ದಿಯ ತಲೆ ಒಂದು ತುಂಡಿನಲ್ಲಿ ಇರುತ್ತಿತ್ತು, ಬಾಲ ಇನ್ನಾವುದೋ ಊರಿನ ಬಳೆಗೆ ಸುತ್ತಿ ಹೋಗಿರುತ್ತಿತ್ತು. ಅರ್ಧ ಮಾತು ಹಿಡಿದು ಪೂರ್ತಿ ತೀರ್ಮಾನ ಮಾಡಬಾರದೆಂಬ ಬುದ್ಧಿ ನನಗೆ ಬಂದದ್ದು ಹಾಗೆ. ಈಗ ಹೇಳಹೊರಟಿರುವುದೂ ಒಂದು ಅರ್ಧ ಮಾತಿನ ಕಥೆಯೇ. ನನ್ನ ಕಣ್ಣೆದುರು ನಡೆದದ್ದು.

ತುಂಗಭದ್ರೆಗೆ ಸೇತುವೆ ಆಗುವ ಮುಂಚೆ ನಮ್ಮ ಕಡೆಯ ಜನ ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದರು. ಸೇತುವೆ ಆದ ಮೇಲೆ ಹರಿಗೋಲಿನ ಕಟ್ಟೆ ಪಾಳುಬಿತ್ತು. ಆ ಕಟ್ಟೆಯ ಮೋಟುಗೋಡೆಗಳ ಮೇಲೆ ಒಂದು ದೊಡ್ಡ ಹರಿಗೋಲನ್ನು ಬೋರಲು ಹಾಕಿಸಿ, ಅದರ ಕೆಳಗೆ ವಾಸವಾಗಿದ್ದವರು ಪೂಜ್ಯ ದಂಡೆಮ್ಮ ತಾಯಿಯವರು. ಹೊಳೆಯ ದಂಡೆಯಲ್ಲಿ ಇದ್ದದ್ದರಿಂದ ಜನ ಇಟ್ಟ ಹೆಸರು ಅದು. ಮೊದಲಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಡುವ ವಯಸ್ಸಿನಲ್ಲೇ ವೈಧವ್ಯ ಬಂದು ಅವರ ಕೈಯ ಬಳೆ ಒಡೆದಿದ್ದರಂತೆ ಎಂಬುದಷ್ಟೇ ತಿಳಿದದ್ದು. ನಾನು ಕಾಣುವ ಹೊತ್ತಿಗೆ ಅವರ ಕೂದಲು ನೆರೆತಿತ್ತು. ಒಂದು ಕೌದಿ, ಒಂದು ಗಡಿಗೆ, ಒಂದು ಒನಕೆ. ಇಷ್ಟು ಬಿಟ್ಟರೆ ಆ ಹರಿಗೋಲಿನ ಕೆಳಗೆ ಇದ್ದದ್ದು ಅವರ ಪ್ರಶ್ನೆಗಳು.

ತಾಯಿಯವರಿಗೆ ಕೇಳುವುದೆಂದರೆ ಬಲು ಪ್ರೀತಿ. ಕಷ್ಟ ಹೇಳಿಕೊಳ್ಳಲು ಬಂದ ಲಾರಿ ಡ್ರೈವರನನ್ನು ಕೂರಿಸಿಕೊಂಡು, ಗೇರು ಹ್ಯಾಂಗ ಬೀಳ್ತೈತಿ, ಇಳಿಜಾರಿನಾಗ ಹ್ಯಾಂಗ ಹಿಡೀತೀ ಎಂದು ಕೇಳುವರು. ಅವನು ಹೇಳುತ್ತ ಹೇಳುತ್ತ ತನ್ನ ಗಂಟನ್ನು ತಾನೇ ಬಿಚ್ಚಿಕೊಂಡು ಕಣ್ಣೊರೆಸಿಕೊಂಡು ಹೋಗುವನು. ಅದು ತಿಳಿಯದವರು ಕೇಳುವ ಕೇಳಿಕೆಯೋ, ಎಲ್ಲ ತಿಳಿದವರು ಕೇಳುವ ಕೇಳಿಕೆಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ನನ್ನ ಯಜಮಾನರ ಹೆಸರು ಅಂದಾನಪ್ಪ. ಬಾಯಲ್ಲಿ ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ. ತಲೆತಲಾಂತರದ ಬಳೆಗಾರರು. ನಮ್ಮ ಕಸುಬಿಗೆ ಒಂದು ಮರ್ಯಾದೆ ಇದೆ. ಪರಗಂಡಸು ಮುಟ್ಟಿದರೆ ಮೈಯೆಲ್ಲ ಬೆಂಕಿಯಾಗುವ ಹೆಣ್ಣು ಬಳೆಗಾರನ ಮುಂದೆ ಕೂತು ತಾನಾಗಿ ಕೈ ಚಾಚುತ್ತಾಳೆ. ಅದು ಮುಟ್ಟಿದ್ದೆಂದು ಯಾರೂ ಎಣಿಸುವುದಿಲ್ಲ. ಬಳೆಗಾರನೆಂದರೆ ತವರಿನ ಅಣ್ಣ. ಬಳೆ ಇಟ್ಟಾದ ಮೇಲೆ ಮುಪ್ಪಿನ ಮುದುಕಿಯೂ ಸೆರಗು ಹೊದ್ದು ಅವನಿಗೆ ನಮಸ್ಕಾರ ಮಾಡುತ್ತಾಳೆ. ಬಾಗಿಲಿಗೆ ಬಂದ ಬಳೆಗಾರನನ್ನು ಸುಮ್ಮನೆ ಕಳಿಸಬಾರದು, ಅದು ಮನೆಗೆ ಒಳ್ಳೆಯದಲ್ಲ ಎಂಬುದು ಇನ್ನೊಂದು ನಂಬಿಕೆ. ಇದನ್ನು ನನಗೆ ದಿನಕ್ಕೊಮ್ಮೆ ಹೇಳುತ್ತಿದ್ದವರು ನಮ್ಮ ಯಜಮಾನರೇ.

ಮದುವೆಯಾಗಿ ಕೆಲವು ವರ್ಷ ಆಗಿತ್ತು. ಮಕ್ಕಳಿರಲಿಲ್ಲ. ಯಜಮಾನರು ಮುಂಡರಗಿ ಕಡೆಯ ಹಳ್ಳಿಗಳಿಗೆಂದು ಮಲಾರ ಹೊತ್ತು ಹೋಗಿದ್ದರು. ಅತ್ತೆಯವರು ಹೊಲದಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ನಾನು ಕಾಣದ ಬಳೆಗಾರನೊಬ್ಬ ನಮ್ಮ ಕಟ್ಟೆಯ ಮೇಲೆ ಕೂತು, ನವಿಲುಗಣ್ಣಿನ ಬಳಿ ತಂದೀನವ್ವ ಅಂದ. ಬಳೆಗಾರರ ಮನೆಗೇ ಬಳೆ ಮಾರಲು ಬಂದನಲ್ಲ ಎಂದು ನಗು ಬಂತು. ಆದರೂ ಬಾಗಿಲಿಗೆ ಬಂದವನು. ಮೇಲಾಗಿ ನವಿಲುಗಣ್ಣಿನ ಬಳೆ ಹೇಗಿರುತ್ತದೆಂದು ನೋಡುವ ಆಸೆ. ಹೊರಗೆ ಬಂದು ಕೂತು ಕೈ ಕೊಟ್ಟೆ.

ಬಳೆ ಇಡುತ್ತ ಅವನು ಏನೇನೋ ಮಾತು ತೆಗೆದ. ಯಜಮಾನರು ಮನ್ಯಾಗ ಇರೂದ ಕಡಿಮಿ ಅಂತಲ್ಲ, ಇಂಥ ಕೈಗೆ ಹೊತ್ತು ಹ್ಯಾಂಗ ಹೋಗತೈತಿ ಅಂದ. ಮಾತು ನನಗೆ ಹಿಡಿಸಲಿಲ್ಲ. ಮಾತು ಸಾಕ್ರಿ ಅಣ್ಣಾ, ಬಳಿ ಬಿಗಿ ಆತು ನೋಡ್ರಿ, ಅಂದೆ. ಕಸುಬಿನವನಾದರೂ ಯಾಕೋ ಒತ್ತು ತಪ್ಪಿ, ಬಳೆ ಒಡೆದು ಬಲಗೈಯ ಮಣಿಕಟ್ಟಿಗೆ ಚುಚ್ಚಿತು. ರಕ್ತ ಬಂತು. ನಾನೇ ಅರಿಷಿಣ ಒತ್ತಿಕೊಂಡು ಉಳಿದ ಬಳೆ ಇಡಿಸಿಕೊಂಡು, ಪದ್ಧತಿಯಂತೆ ಸೆರಗು ಹೊದ್ದು ನಮಸ್ಕಾರ ಮಾಡಿದೆ. ಅವನು ಎದ್ದವನೇ ನಾನು ಮೊರದಲ್ಲಿ ತಂದ ಜೋಳವನ್ನೂ ಮುಟ್ಟದೆ ಹೋದ.

ಸಂಜೆ ದೀಪ ಹಚ್ಚುವ ಮುಂಚೆ ಯಜಮಾನರು ಬಂದರು. ಮುಂಡರಗಿಗೆ ಹೋದವರು ಇಷ್ಟು ಬೇಗ ಹೇಗೆ ಬಂದರೆಂದು ಕೇಳುವುದರೊಳಗೆ ನನ್ನ ಕೈಹಿಡಿದು ಬೆಳಕಿಗೆ ತಿರುವಿದರು. ನವಿಲುಗಣ್ಣಿನ ಬಳೆ, ಮಣಿಕಟ್ಟಿನ ಗಾಯ ನೋಡಿದರು.

"ಕೈ ಕೊಟ್ಟೆಲ್ಲ," ಅಂದರು.

"ಹೌದ್ರಿ, ಕೊಟ್ಟೆ. ಬಾಗಲಿಗೆ ಬಂದಾವಗ ಇಲ್ಲ ಅನಬಾರದು ಅಂತ ನೀವ ಹೇಳ್ತಿದ್ರೆಲ್ಲ."

ಅವರು ನನ್ನ ಕೈ ಕೊಡವಿ ಬಿಟ್ಟರು. ಮುಂದೆ ಅವರು ನನ್ನೊಡನೆ ಮಾತಾಡಲಿಲ್ಲ. ಅತ್ತೆಯವರೊಡನೆ ಮಾತ್ರ, ಇನ್ನು ಈಕೆ ಈ ಮನೆಯಲ್ಲಿ ಬೇಡ ಅಂದರು. ಯಾಕೆಂದು ಅವರೂ ಹೇಳಲಿಲ್ಲ, ನನಗೂ ತಿಳಿಯಲಿಲ್ಲ. ನನಗೆ ತಂದೆ ತಾಯಿ ಇರಲಿಲ್ಲ. ಸಾಕಿದ ಸೋದರಮಾವ ಮದುವೆಯ ದಿನವೇ ಕೈತೊಳೆದುಕೊಂಡಿದ್ದ. ಈ ಬಾಗಿಲು ಮುಚ್ಚಿದರೆ ತಟ್ಟಲು ಇನ್ನೊಂದು ಬಾಗಿಲಿರಲಿಲ್ಲ. ಅತ್ತೆಯವರ ನಾಲಿಗೆ ಕತ್ತರಿಯಾದರೂ ನ್ಯಾಯಸ್ಥರು. ಹೆಣ್ಣಮಗಳನ್ನ ಹೊರಗ ಹಾಕೂದಂದ್ರ ಕಸ ಹಾಕಿದಂಗಲ್ಲ, ದಂಡೆಮ್ಮ ತಾಯಿ ಮುಂದ ಒಂದು ಮಾತು ಆಗಲಿ ಎಂದು ಬೆಳಗಾಗುತ್ತಲೇ ಇಬ್ಬರನ್ನೂ ಕರೆದುಕೊಂಡು ಹೊರಟರು.

ತಾಯಿಯವರು ಹರಿಗೋಲಿನ ನೆರಳಲ್ಲಿ ಕೂತು ಪುಂಡಿಪಲ್ಲೆ ಸೋಸುತ್ತಿದ್ದರು. ನಾವು ನಮಸ್ಕರಿಸಿದೆವು. ಅತ್ತೆಯವರು ಇನ್ನೂ ಬಾಯಿ ತೆರೆದಿರಲಿಲ್ಲ, ತಾಯಿಯವರ ಕಣ್ಣು ಯಜಮಾನರು ಕೆಳಗಿಳಿಸಿದ ಮಲಾರದ ಮೇಲೆ ಬಿತ್ತು. ಹತ್ತಿರ ಸರಿದು, ಬಣ್ಣ ಬಣ್ಣದ ಬಳೆಗಳನ್ನು ಬೆರಳ ತುದಿಯಿಂದ ತಟ್ಟಿ ಸದ್ದು ಕೇಳಿದರು. ಇಷ್ಟು ಸಣ್ಣ ಬಾಯಿಯ ಬಳೆ ಅಷ್ಟಗಲದ ಅಂಗೈ ದಾಟಿ ಹೇಗೆ ಹೋಗುತ್ತದೆ ಎಂದು ಕೇಳಿದರು.

ಕಸುಬಿನ ಮಾತು ಬಂದರೆ ಯಜಮಾನರು ಎಂಥ ಸಿಟ್ಟನ್ನೂ ಮರೆಯುವರು. ಹೆಬ್ಬೆರಳ ಬುಡವನ್ನು ಒಳಗೆ ಮಡಚಿ ಒತ್ತುತ್ತೇವೆ, ಎಲುಬು ಎಲುಬು ಕೂಡುತ್ತದೆ, ಆಗ ಬಳೆ ಜಾರುತ್ತದೆ ಎಂದು ವಿವರಿಸಿದರು. ಒತ್ತಿದರೆ ನೋಯುವುದಿಲ್ಲವೇ ಎಂದು ತಾಯಿಯವರು ಕೇಳಿದರು. ನೋಯುತ್ತದೆ, ಆದರೂ ಯಾರೂ ಕೈ ಹಿಂದಕ್ಕೆ ಎಳೆಯುವುದಿಲ್ಲ ಎಂದರು ಯಜಮಾನರು.

"ಯಾಕ ಎಳೆಯಂಗಿಲ್ಲ?"

"ನಂಬಿಗಿರಿ ಯವ್ವಾ. ನಾವು ಮಣಿಕಟ್ಟು ನೋಡ್ತೀವಿ, ಮಾರಿ ನೋಡಂಗಿಲ್ಲ. ಅದು ಅವರಿಗೆ ಗೊತ್ತೈತಿ."

"ಎಳಕೊಂಡ್ರ?"

"ಬಳಿ ಒಡೀತೈತ್ರಿ. ಕೈ ಕೊಯ್ತೈತಿ."

ತಾಯಿಯವರು ಹೌದೇ ಎಂದು ತಲೆದೂಗಿ ಮತ್ತೆ ಪಲ್ಲೆಗೆ ಕೈ ಹಾಕಿ, ಈಗ ಬಂದ ಕೆಲಸ ಹೇಳು ತಮ್ಮಾ ಎಂದರು.

ಆಗ ಯಜಮಾನರು ಹೇಳಿದ್ದನ್ನು ನಾನೂ ಮೊದಲ ಸಲ ಕೇಳಿದೆ.

ಯಾವುದೋ ಹಳ್ಳಿಯಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದ ಹೆಂಗಸೊಬ್ಬಳು ಚೇಷ್ಟೆಗೆ, ಊರ ಹೆಂಗಸರ ಕೈಯೆಲ್ಲ ನೀ ಹಿಡೀತಿ, ನಿನ್ನ ಹೆಂಡತಿ ಕೈ ಯಾರು ಹಿಡಿದಾರೋ ಯಣ್ಣ ಅಂದಳಂತೆ. ಕೂತವರೆಲ್ಲ ನಕ್ಕರಂತೆ, ಇವರೂ ನಕ್ಕರಂತೆ. ಆದರೆ ಆ ಮಾತು ಕಣ್ಣಿಗೆ ಬಿದ್ದ ಹರಳಿನಂತೆ ಮನೆತನಕ ಬಂತು. ಗಜೇಂದ್ರಗಡ ಕಡೆಯ ಶೇಖಪ್ಪ ಎಂಬ ಬಳೆಗಾರ ಇವರ ಗೆಳೆಯ, ನಾನು ಅವನನ್ನು ಕಂಡಿರಲಿಲ್ಲ. ನನ್ನ ಪರೀಕ್ಷೆಗೆ ಅವನನ್ನೇ ಗೊತ್ತು ಮಾಡಿ ಕಳಿಸಿದ್ದರು. ಸವಿಮಾತು ಆಡಬೇಕು, ಕೈ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬೇಕು, ನಾನು ಏನು ಮಾಡುವೆನೆಂದು ನೋಡಿ ಬಂದು ಹೇಳಬೇಕು. ಇವರು ಮುಂಡರಗಿಗೆ ಹೋಗಿರಲೇ ಇಲ್ಲ. ನಮ್ಮೂರ ಬಸ್ ನಿಲ್ಲುವಲ್ಲಿಯ ಚಹಾದ ಅಂಗಡಿಯಲ್ಲಿ ಕಾಯುತ್ತ ಕೂತಿದ್ದರು.

ಹೇಳುತ್ತ ಅವರು ನನ್ನ ಕಡೆ ನೋಡಲಿಲ್ಲ. ನನ್ನ ಮಣಿಕಟ್ಟಿನ ಗಾಯ ಆ ಕ್ಷಣದಲ್ಲಿ ಹೊಸದಾಗಿ ಉರಿಯತೊಡಗಿತು.

ತಾಯಿಯವರು ಪಲ್ಲೆಯ ಕಟ್ಟು ಕೆಳಗಿಟ್ಟರು. "ಅಂವ ಬಂದು ಏನಂದ? ಅಂದಂಗ ಅನ್ನು."

"ಕೈ ಕೊಟ್ಟಳು ಅಂದ್ರಿ."

"ಮತ್ತ?"

"ಮತ್ತೇನಿಲ್ರಿ. ಅಷ್ಟ ಅಂದಾವನ ಮಾರಿ ತಿರುವಿದ. ಬಸ್ ಬಂತು, ಹತ್ತಿ ಹ್ವಾದ."

"ನೀ ಮುಂದ ಕೇಳಲಿಲ್ಲೇನು?"

"ಕೇಳೂದೇನ ಉಳೀತ್ರಿ ಯವ್ವಾ, ಕೈ ಕೊಟ್ಟಳು ಅಂದ ಮ್ಯಾಲೆ."

ತಾಯಿಯವರು ಹುಬ್ಬು ಗಂಟಿಕ್ಕಿದರು. ಅವರ ಮುಖದಲ್ಲಿ ಆಗಲೂ ಕೋಪವಿರಲಿಲ್ಲ. ಲಾರಿಯ ಗೇರು ಅರ್ಥವಾಗದಾಗ ಇರುತ್ತಿದ್ದ ಕುತೂಹಲವೇ ಇತ್ತು.

"ಅಲ್ಲ ತಮ್ಮಾ, ಬಳಿಗಾರ ಬಂದು ಕುಂತರ ಕೈ ಕೊಡದ ಮತ್ತೇನ ಕೊಡ್ತಾರ?"

ಮೊದಲು ನಕ್ಕವರು ಅತ್ತೆಯವರು. ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಯಜಮಾನರು ತಮ್ಮ ಮಲಾರದ ಕಡೆ ನೋಡಿದರು. ದಿನಕ್ಕೆ ನೂರು ಸಲ, ಕೈ ಕೊಡವ್ವ, ಕೈ ಕೊಡು ತಂಗಿ ಎಂದು ತಮ್ಮ ಬಾಯಿಂದಲೇ ಹೇಳುವ ಮಾತು ಅದು. ಇಡೀ ಊರು ಆ ಮಾತಿಗೆ ಮೋಸ ಎಂಬ ಅರ್ಥ ಹಚ್ಚಲಿ, ಬಳೆಗಾರನ ಮನೆಯಲ್ಲಿ ಅದರ ಅರ್ಥ ಬೇರೆ. ಶೇಖಪ್ಪ ಹೇಳಿದ್ದು ಬಳೆಗಾರನ ಮಾತು, ಇವರು ಕೇಳಿದ್ದು ಊರಿನ ಮಾತು. ಎದುರಿಗಿದ್ದ ಹೆಣ್ಣು ಅಣ್ಣಾ ಎಂದು ಕರೆದು ನಮಸ್ಕಾರ ಮಾಡಿದಳೆಂದು ಹೇಳಲು ಬಂದವನು ನಾಚಿಕೆಯಿಂದ ಅರ್ಧಕ್ಕೇ ಮುಖ ತಿರುವಿ ಹೋಗಿದ್ದ. ಅದನ್ನು ಶೇಖಪ್ಪನೇ ಆಮೇಲೊಮ್ಮೆ ತಾಯಿಯವರ ಮುಂದೆ ಅತ್ತು ಹೇಳಿಕೊಂಡ.

ಯಜಮಾನರ ಮುಖ ಅರಳಿತು. ಮೈಮೇಲಿನ ಭಾರ ಇಳಿದವರಂತೆ ಎದ್ದು, ತಾಯಿಯವರ ಪಾದಕ್ಕೆ ಹಣೆ ಮುಟ್ಟಿಸಿ, ನನ್ನ ಕಡೆ ತಿರುಗಿ, ನಡಿ ಮನಿಗೆ ಅಂದರು. ಎಲ್ಲ ಸರಿಹೋಯಿತಲ್ಲ ಎಂಬ ದನಿಯಲ್ಲಿ. ಅತ್ತೆಯವರೂ ಮಂಡಿಗೆ ಕೈಕೊಟ್ಟು ಏಳತೊಡಗಿದರು.

ನಾನು ಏಳಲಿಲ್ಲ. ಹಟವೆಂದರೆ ಹಟ. ಸಂತೆಯಲ್ಲಿ ಗಡಿಗೆಯನ್ನು ತಟ್ಟಿ ನೋಡಿ, ಸೀಳಿಲ್ಲ, ಗಟ್ಟಿ ಐತಿ ಎಂದು ತಲೆಯ ಮೇಲಿಟ್ಟುಕೊಂಡು ಹೊರಡುತ್ತಾರಲ್ಲ, ಹಾಗಾಗಿತ್ತು ನನಗೆ.

ತಾಯಿಯವರು ನನ್ನನ್ನು ನೋಡಿದರು. ಯಜಮಾನರನ್ನು ಕೂರಲು ಹೇಳಿ ಇನ್ನೊಂದು ಪ್ರಶ್ನೆ ಕೇಳಿದರು. "ಪರೀಕ್ಷಾದಾಗ ಈಕಿ ಸೋತಿದ್ರ ಹೊರಗ ಹಾಕ್ತಿದ್ದಿ. ಗೆದ್ದಿದ್ರ ಏನ ಕೊಡ್ತಿದ್ದಿ?"

ಯಜಮಾನರಿಗೆ ಪ್ರಶ್ನೆಯೇ ಹೊಸದು. ಏನು ಕೊಡೂದ್ರಿ, ಮೊದಲಿನಂಗ ಇರ್ತಿದ್ವಿ ಅಂದರು. ನಿನ್ನ ಪರೀಕ್ಷಾ ಮಾಡಿಸಿದ್ದೆ ಅಂತ ಈಕೆಗೆ ಹೇಳುತ್ತಿದ್ದೆಯಾ ಎಂದು ಕೇಳಿದರು ತಾಯಿಯವರು. ಇಲ್ಲ ಎಂದು ಯಜಮಾನರು ತಲೆಯಾಡಿಸಿದರು. ಆ ತಲೆ ಮತ್ತೆ ಮೇಲೇಳಲಿಲ್ಲ. ಗೆದ್ದರೂ ಗೆದ್ದೆನೆಂದು ಗೊತ್ತಾಗದ, ಸೋತರೆ ಮಾತ್ರ ಗೊತ್ತಾಗುವ ಆಟವನ್ನು ನನ್ನ ಹೆಸರಲ್ಲಿ ಹೂಡಿದ್ದರೆಂಬುದು ಅವರಿಗೂ ಆಗಲೇ ಹೊಳೆದದ್ದಿರಬೇಕು.

ಆಗ ತಾಯಿಯವರು ಯಾರೂ ಎಣಿಸದ ಕೆಲಸವೊಂದನ್ನು ಮಾಡಿದರು. ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡು, ಆಡುವ ವಯಸ್ಸಿನಿಂದ ಬಳೆ ಕಾಣದ ಆ ಕೈಯನ್ನು ಯಜಮಾನರ ಮುಂದೆ ಚಾಚಿದರು.

"ನನಗೊಂದು ಇಡು."

ಅತ್ತೆಯವರು ಶಿವಶಿವಾ ಎಂದು ಕಣ್ಣು ಮುಚ್ಚಿದರು. ಗಂಡ ಸತ್ತವಳ ಕೈ, ಅದರಲ್ಲೂ ಜಗವೇ ಕಾಲಿಗೆ ಬೀಳುವ ತಾಯಿಯ ಕೈ. ಯಜಮಾನರು ಮಲಾರದಿಂದ ಒಂದು ಹಸಿರು ಬಳೆ ಬಿಡಿಸಿಕೊಂಡರು. ಇನ್ನೊಂದು ಕೈಯನ್ನು ತಾಯಿಯವರ ಅಂಗೈಯ ಹತ್ತಿರಕ್ಕೆ ತಂದರು. ಅಲ್ಲಿಗೆ ನಿಂತಿತು. ಎಷ್ಟು ಹೆಣ್ಣುಮಕ್ಕಳ ಕೈ ಹಿಡಿದ ಕೈಯೋ ಅದು, ಒಂದು ಬೆರಳಷ್ಟು ದೂರ ದಾಟಲಾರದೆ ಗಾಳಿಯಲ್ಲೇ ನಿಂತುಬಿಟ್ಟಿತು.

"ಹಿಡಿಯಾಕ ಆಗವಲ್ದು ಯವ್ವಾ."

"ಯಾಕ? ನಾ ಕೊಟ್ಟೀನಿ. ನಿನ್ನ ಪರೀಕ್ಷಾ ಏನ ಮಾಡಾಕ ಹತ್ತಿಲ್ಲ."

ಅವರ ಕೈಯಿಂದ ಬಳೆ ಬಿದ್ದು ಕಲ್ಲಿನ ಮೇಲೆ ಚೂರಾಯಿತು. ಆಗ ತಾಯಿಯವರು ನುಡಿದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ.

"ಕೈ ಕೊಟ್ಟಾಕಿ ಈಕಿ ಅಲ್ಲ ತಮ್ಮಾ. ಕೈ ಕೊಟ್ಟಾವ ನೀನು. ಈಕಿಗೂ ಕೊಟ್ಟಿ, ನಿನ್ನ ಕಸುಬಿಗೂ ಕೊಟ್ಟಿ."

ಆಮೇಲೆ ಅವರು ನನ್ನ ಕಡೆ ತಿರುಗಿ, "ನೀ ಏನ ಮಾಡ್ತಿ ಮಗಳ?" ಎಂದು ಕೇಳಿದರು. ಬುದ್ಧಿ ಹೇಳುವ ದನಿಯಲ್ಲ, ನಿಜವಾಗಿ ತಿಳಿಯಬೇಕೆಂಬ ದನಿ. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಗೊತ್ತಿಲ್ರಿ ಅಂದೆ. "ಗೊತ್ತಾಗೂತನಕ ಇಲ್ಲಿರು," ಎಂದರು. ನಾನು ಉಳಿದೆ. ಯಜಮಾನರು ಮಲಾರವನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಹೋದರು. ಮರುವಾರ ಬಂದ ಅತ್ತೆಯವರು, ಮಗ ಮಲಾರ ಮುಟ್ಟವಲ್ಲ, ನೀನರೆ ಮನಿಗೆ ಬಾ ಅಂದರು. ಅವರು ಮುಟ್ಟದಿದ್ದರೆ ನಾನೇ ಹೊರುತ್ತೇನೆ ಎಂದೆ. ಮಲಾರ ಹೊರೂದು ನಿನ್ನ ಕೈಲಿ ಆಗಂಗಿಲ್ಲ ಎಂದು ಅವರು ಅಂದದ್ದು ಆಗಲೇ.

ತಾಯಿಯವರು ನಕ್ಕು, ಆಗತೈತೋ ಇಲ್ಲೋ ನೋಡೂಣ ಎಂದು ನನ್ನ ಮುಂದೆ ಕೈ ಚಾಚಿದರು. ನಾನು ಬಳೆ ಇಡಲು ಕಲಿತದ್ದು ಆ ಪುಣ್ಯದ ಕೈಯ ಮೇಲೆ. ಒತ್ತಿ ನೋಯಿಸಿದೆ, ಒಡೆದೆ, ಒಂದೆರಡು ಸಲ ರಕ್ತ ಬರಿಸಿದೆ. ಅವರು ಒಮ್ಮೆಯೂ ಕೈ ಹಿಂದಕ್ಕೆ ಎಳೆಯಲಿಲ್ಲ. ಹೆಬ್ಬೆರಳ ಬುಡ ಹೇಗೆ ಮಡಚಿದೆ, ಈ ಸಲ ಯಾಕೆ ಜಾರಿತು ಎಂದು ಕೇಳುತ್ತಿದ್ದರು. ಸರಿಯಾಗಿ ಇಟ್ಟ ಬಳೆಯನ್ನು ಬಿಸಿಲಿಗೆ ಹಿಡಿದು ನೋಡಿ, ಮೆಲ್ಲನೆ ತೆಗೆದು ಹರಿಗೋಲಿನ ಬಿದಿರಿಗೆ ತೂಗುಹಾಕುವರು. ಗಾಳಿ ಬಂದಾಗ ಮನೆಯೆಲ್ಲ ಘಲ್ಲೆನ್ನುತ್ತಿತ್ತು. ದರ್ಶನಕ್ಕೆ ಬಂದ ಹೆಣ್ಣುಮಕ್ಕಳು ಆ ಸದ್ದು ಕೇಳಿ, ನಮಗೂ ಇಡವ್ವ ಎಂದು ಕೂತರು.

ಹೊಳೆ ತುಂಬಿ ಇಳಿಯುವ ಹೊತ್ತಿಗೆ ಯಜಮಾನರು ಸಂತೆಯ ದಿನಗಳಲ್ಲಿ ಬರತೊಡಗಿದ್ದರು. ದೂರದ ಕಲ್ಲಿನ ಮೇಲೆ ಕೂತು ಹೋಗುವರು. ಒಂದು ದಿನ ಹತ್ತಿರ ಬಂದು, ನಾನು ಗೋಜಲು ಮಾಡಿಟ್ಟಿದ್ದ ಬಳೆಗಳನ್ನು ಅಳತೆಗೆ ಅಳತೆ ಬೇರೆ ಮಾಡಿ ದಾರಕ್ಕೆ ಪೋಣಿಸತೊಡಗಿದರು. ತಪ್ಪಾತು ಎಂದು ಬಾಯಿಬಿಟ್ಟು ಅನ್ನಲಿಲ್ಲ. ಅಷ್ಟರಲ್ಲಿ ಬಂದ ಮುದುಕಿಯೊಬ್ಬಳು, ಕಸುಬುದಾರ ನೀ ಇಲ್ಲೇ ಇದ್ದೀ, ನೀನ ಇಡೋ ಯಪ್ಪಾ ಎಂದು ಅವರ ಮುಂದೆ ಕೈ ಚಾಚಿದಳು. ಅವರು ತಲೆ ತಗ್ಗಿಸಿ, "ನಾ ಒಮ್ಮೆ ಕೈ ಕೊಟ್ಟಾವಬೇ. ಆಕಿ ಇಡ್ತಾಳ," ಅಂದರು.

ಆ ದಿನ ನಾನು ಅವರೊಡನೆ ಮನೆಗೆ ಹೋದೆ. ಹೋಗು ಎಂದು ತಾಯಿಯವರು ಹೇಳಲಿಲ್ಲ. ನಾನು ಮುಂದೆ, ಮಲಾರ ನನ್ನ ಹೆಗಲಿಗೆ. ನಾವು ಸೇತುವೆ ಮುಟ್ಟುವ ತನಕ ತಾಯಿಯವರು ನಮ್ಮನ್ನೇ ನೋಡುತ್ತ ನಿಂತಿದ್ದರು.

ಈಗ ಬಸ್ ನಿಲ್ದಾಣದ ಎದುರಿನ ಅಂಗಡಿ ನನ್ನದು. ಬೋರ್ಡಿನ ಮೇಲೆ ಗುರಸಿದ್ಧವ್ವ ಎಂದು ನನ್ನ ಹೆಸರೇ ಇದೆ. ಗಾಜಿನ ಕಪಾಟುಗಳಿವೆ, ಹಿಂದೆ ಎರಡು ಕೋಣೆಯ ಮನೆ ಇದೆ, ಒಂದು ಗೂಡಿನ ತುಂಬ ನಾನೇ ಕೊಂಡು ಓದಿದ ಪುಸ್ತಕಗಳಿವೆ. ಹರಿಗೋಲಿನ ಬಿದಿರಿಗೆ ತೂಗುತ್ತಿದ್ದ ಬಳೆಗಳಲ್ಲಿ ತಾಯಿಯವರು ಕೊಟ್ಟ ಒಂದು, ದೇವರ ಮುಂದಿದೆ. ಯಜಮಾನರು ಒಳಗಿನ ಕೋಣೆಯಲ್ಲಿ ಕೂತು ಬಳೆ ಪೋಣಿಸುತ್ತಾರೆ. ಅಂದಿನಿಂದ ಅವರು ಊರ ಯಾವ ಹೆಣ್ಣಿನ ಮಣಿಕಟ್ಟನ್ನೂ ಹಿಡಿದಿಲ್ಲ. ಒಳ್ಳೆಯ ಗಂಡಸು. ನಾವು ಚೆನ್ನಾಗಿದ್ದೇವೆ.

ಒಮ್ಮೆ ಹಬ್ಬದ ಮುನ್ನಾದಿನ ನಾನೇ ಅವರ ಮುಂದೆ ಕೂತು ಕೈ ಚಾಚಿದೆ. ಅವರು ಬಳೆ ತೆಗೆದುಕೊಂಡು ನನ್ನ ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತಿದರು. ನನಗೆ ಮನಸ್ಸಿತ್ತು. ಆದರೂ ಕೈ ತಾನಾಗಿ ಹಿಂದಕ್ಕೆ ಬಂತು, ಬಳೆ ಒಡೆಯಿತು. ಇಬ್ಬರೂ ಚೂರುಗಳನ್ನು ಆರಿಸಿ ತೆಗೆದೆವು, ಆ ಮಾತು ಮತ್ತೆ ಎತ್ತಲಿಲ್ಲ.

ಊರ ಹೆಣ್ಣುಮಕ್ಕಳಿಗೆಲ್ಲ ನಾನು ಬಳೆ ಇಡುತ್ತೇನೆ. ನನಗೆ ನಾನೇ ಇಟ್ಟುಕೊಳ್ಳುತ್ತೇನೆ. ಎಡಗೈಗೆ ಸಲೀಸಾಗಿ ಹೋಗುತ್ತದೆ. ಆ ಗಾಯದ ಬಲಗೈಗೆ ಹಾಕಿಕೊಳ್ಳುವಾಗ ಪ್ರತಿ ಸಲವೂ ಒಂದು ಒಡೆಯುತ್ತದೆ.